ಅಮ್ಮನ ಮಂಡಿಗೆ ವಿಶ್ರಾಂತಿ ಕೊಡಿಸಬೇಕೋ, ಬಸ್ಕಿ ಹೊಡೆಸಬೇಕೋ?

ತುಂಗೆಯ ಮಗಳು, ಶಿವಮೊಗ್ಗ

ಅಮ್ಮನಿಗೆ 61. ಎರಡೂ ಮಂಡಿ ನೋವು, ಎಡಗಡೆಯದ್ದು ಜಾಸ್ತಿ. ಎಂಟು ವರ್ಷದಿಂದ ಶುಗರ್ ಕೂಡ ಇದೆ. ಹೋದ ತಿಂಗಳು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇ ಬೆಳಕಿಗೆ ಹಿಡಿದು "ಸವೆದಿದೆ, ವಯಸ್ಸಾಯ್ತಲ್ಲ" ಅಂದರು. ನೋವಿನ ಮಾತ್ರೆ, ಕ್ಯಾಲ್ಸಿಯಂ, ಒಂದು ನೀಕ್ಯಾಪ್ ಬರೆದುಕೊಟ್ಟು, ಕೆಳಗಿನ ಮಹಡಿಯಲ್ಲಿ ಹತ್ತು ದಿನ ಕರೆಂಟ್ ಕೊಡಿಸಿಕೊಳ್ಳಿ ಅಂದರು. ನಾವು ಎದ್ದು ಬಾಗಿಲು ದಾಟುವಾಗ "ವೇಟ್ ಇಳಿಸಿ, ವಾಕಿಂಗ್ ಮಾಡಿ" ಅನ್ನೋದು ಬೆನ್ನಿಗೆ ಬಿತ್ತು. ಎಲ್ಲ ಸೇರಿ ನಾಲ್ಕು ನಿಮಿಷ.

ಶುಗರ್ ಡಾಕ್ಟರೂ ವಾಕಿಂಗ್ ಅಂತಲೇ ಹೇಳ್ತಾರೆ. ಸೋದರತ್ತೆ ಮಾತ್ರ "ಸವೆದ ಮಂಡಿ ಇಟ್ಕೊಂಡು ನಡೆದರೆ ಇನ್ನೂ ಸವೆಯುತ್ತೆ, ಬಸ್ಸಿನ ಟೈರ್ ಥರ" ಅಂತಾರೆ. ಅಮ್ಮನಿಗೆ ಅತ್ತೆಯ ಮಾತೇ ಸರಿ ಕಂಡಿದೆ, ಯಾಕಂದ್ರೆ ನಡೆದರೆ ನೋಯುತ್ತೆ. ಮೊದಲು ರಂಗೋಲಿ ಬಿಟ್ಟಳು. ಆಮೇಲೆ ಚಕ್ಕಂಬಕ್ಕಳ ಹಾಕಿ ಹೂ ಕಟ್ಟೋದು, ಈಳಿಗೆಮಣೆ, ದೇವಸ್ಥಾನದ ಮೆಟ್ಟಿಲು. ಈಗ ಮಾಡುವುದಕ್ಕಿಂತ ಬಿಟ್ಟಿದ್ದರ ಪಟ್ಟಿಯೇ ಉದ್ದ. ನೋವು ಮಾತ್ರ ಅಲ್ಲೇ ಇದೆ.

ಈ ಗುಂಪಿನಲ್ಲಿ ಫಿಸಿಯೋಥೆರಪಿಸ್ಟ್‌ಗಳು, ಓಡುವವರು ತುಂಬ ಜನ ಇದ್ದೀರಿ. ವಾಕಿಂಗ್ ಅಂದರೆ ಎಷ್ಟು? ನೋವಿದ್ದಾಗಲೂ ಮಾಡಬೇಕಾ? ನಿಜವಾಗಿ ಅದು ಔಷಧಿಯಾದರೆ ಔಷಧಿ ಹೇಳಿದ ಹಾಗೆ ಯಾರಾದರೂ ಹೇಳ್ತೀರಾ?

ಹುಬ್ಬಳ್ಳಿ ಫಿಸಿಯೋ

ಅಕ್ಕಾರ, ಮೊದಲು ಆ ಟೈರಿನ ಮಾತು ಮುಗಿಸೋಣ. ಟೈರಿಗೆ ಜೀವ ಇಲ್ರಿ, ಮಂಡಿಗೆ ಐತಿ. ಮೂಳಿ ತುದಿಗಿರೋ ಗಾದಿಗೆ, ಅಂದ್ರ ಕಾರ್ಟಿಲೇಜಿಗೆ, ರಕ್ತನಾಳ ಇರಂಗಿಲ್ಲ. ಅದಕ್ಕ ಊಟ ಸಿಗೋದು ಕೀಲಿನೊಳಗಿನ ದ್ರವದಿಂದ. ಕಾಲು ಊರಿದಾಗ ಗಾದಿ ಹಿಂಡ್ತೈತಿ, ಎತ್ತಿದಾಗ ಹೀರ್ತೈತಿ, ಪಾತ್ರಿ ತಿಕ್ಕೋ ಸ್ಪಂಜ್ ಇದ್ದಂಗ. ಕಾಲು ಊರೋದ ಬಿಟ್ರ ಅದಕ್ಕ ಉಪವಾಸ. ಇನ್ನ ತೊಡಿ ಮುಂದಿನ ಸ್ನಾಯು ಐತಲ್ರಿ, ಅದು ಮಂಡಿಗೆ ಶಾಕ್ ಅಬ್ಸಾರ್ಬರ್. ನೋಯ್ತೈತಿ ಅಂತ ನಡಿಗಿ ಬಿಡ್ತೀವಿ, ನಡಿಗಿ ಬಿಟ್ಟಿದ್ದಕ್ಕ ತೊಡಿ ಸೊರಗ್ತೈತಿ, ತೊಡಿ ಸೊರಗಿದ್ದಕ್ಕ ಭಾರ ಪೂರಾ ಮಂಡಿ ಮ್ಯಾಲೆ ಬೀಳ್ತೈತಿ. ನಿಮ್ಮ ಅವ್ವಾರು ಒಂದೊಂದ ಕೆಲಸ ಬಿಟ್ಟಾರಂತ ಬರದೀರಲ್ಲ, ಅದರ ಕತಿ ಇದು.

ಎಕ್ಸ್‌ರೇ ನೋಡಿ ಅಂಜಬ್ಯಾಡ್ರಿ. ಪ್ಲೇಟಿನ್ಯಾಗ ಪೂರಾ ಸವದಂಗ ಕಂಡವರು ಗುಡ್ಡ ಹತ್ತೋದು ನೋಡೀನಿ, ಪ್ಲೇಟ್ ಚಲೋ ಇದ್ದವರು ಎರಡು ಮೆಟ್ಟಿಲಿಗೆ ಕಣ್ಣೀರು ಹಾಕೋದೂ ನೋಡೀನಿ. ಕರೆಂಟ್ ಕೊಟ್ರ ಒಂದೆರಡು ತಾಸು ಹಿತ ಅನ್ನಿಸ್ತೈತಿ, ಸುಳ್ಳಲ್ಲ. ಆದ್ರ ಮಲಗಿಸಿ ಕರೆಂಟ್ ಕೊಟ್ರ ತೊಡಿ ಬೆಳೆಯಂಗಿಲ್ರಿ.

ಇನ್ನೊಂದು ಮಾತು, ನನಗ ಸಿಟ್ಟು ಬರೋದು ಇಲ್ಲೇ. ನಾನು ಆರು ವರ್ಷ ಕಬಡ್ಡಿ ಹುಡುಗರ ಜೋಡಿ ಕೆಲಸ ಮಾಡೀನಿ. ಹುಡುಗಗ ಮಂಡಿಯೊಳಗ ಮೂಳಿ ಹಿಡಿದಿಡೋ ಎಸಿಎಲ್ ಅನ್ನೋ ಹುರಿ ಹರದು ಆಪರೇಶನ್ ಆತು ಅಂದ್ರ ಒಂಬತ್ತು ತಿಂಗಳ ಪ್ಲಾನ್ ಬರೀತೀವಿ. ಮೊದಲನೇ ವಾರ ಕಾಲು ಪೂರಾ ಚಾಚಬೇಕು, ಇಷ್ಟನೇ ವಾರಕ್ಕ ಅರ್ಧ ಬಸ್ಕಿ, ಆಮ್ಯಾಲೆ ಒಂದ ಕಾಲ ಮ್ಯಾಲೆ ಜಿಗಿತ, ಎರಡೂ ತೊಡಿ ಬಲ ಅಳದು ನೋಡಿದ ಮ್ಯಾಲೆ ಅಂಕಣಕ್ಕ ಬಿಡೋದು. ಮಂಡಿ ಅದ ಮಂಡಿ ರೀ. ಆಟಗಾರಗ ಒಂಬತ್ತು ತಿಂಗಳ ಲೆಕ್ಕ, ಅವ್ವಗ "ವಾಕಿಂಗ್" ಅನ್ನೋ ಒಂದ ಶಬ್ದ. ಸ್ಪೋರ್ಟ್ಸ್ ಮೆಡಿಸಿನ್ ಅಂದ್ರ ಕ್ರಿಕೆಟಿನವರ ಭುಜ ನೋಡೋ ವಿದ್ಯೆ ಅಂತ ತಿಳ್ಕೊಂಡಾರ ಮಂದಿ. ಭಾರ ಎಷ್ಟು ಹಾಕಬೇಕು, ಯಾವಾಗ ಏರಿಸಬೇಕು ಅನ್ನೋ ಲೆಕ್ಕ ಅದು. ನಿಮ್ಮ ಅವ್ವಾರಿಗೂ ಬೇಕಾಗಿರೋದು ಅದ ಲೆಕ್ಕ.

ಎರಡನೇ ಅಭಿಪ್ರಾಯ

ಮೇಲಿನವರು ಫಿಸಿಯೋ, ಹಾಗಾಗಿ ಫಿಸಿಯೋ ಮಾಡಿಸಿ ಅಂತಾರೆ. ಸರ್ಜನ್ ಬಂದರೆ ಆಪರೇಶನ್ ಅಂತಾರೆ, ನಾಟಿ ವೈದ್ಯರು ಬಂದರೆ ಎಣ್ಣೆ ಅಂತಾರೆ. ಸ್ಪಂಜಿನ ಕತೆ ಕೇಳೋಕೆ ಚೆನ್ನಾಗಿದೆ. ಕತೆ ಬೇಡ, ಪರೀಕ್ಷೆ ಮಾಡಿ ನೋಡಿದ್ದಾರಾ ಹೇಳಿ. ನಮ್ಮ ದೊಡ್ಡಪ್ಪ ಒಂದು ವರ್ಷ ವ್ಯಾಯಾಮ ಅಂತ ಅಲೆದು ಕೊನೆಗೆ ಮಂಡಿ ಬದಲಿಸಿಕೊಂಡರು. ಈಗ ಆರಾಮಾಗಿದ್ದಾರೆ.

ಡೆನ್ಮಾರ್ಕಿನಿಂದ ಧಾರವಾಡದಾಕಿ

ಪರೀಕ್ಷೆ ಮಾಡಿದ್ದಾರೆ. ನಾನಿರುವ ದೇಶದಲ್ಲೇ. 2015ರಲ್ಲಿ ಇಲ್ಲಿನವರು ಮಂಡಿ ಬದಲಿಸಲು ಅರ್ಹರಾದ 100 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಆಪರೇಶನ್, ಅದರ ಜೊತೆ 12 ವಾರದ ವ್ಯಾಯಾಮ, ಆಹಾರದ ಸಲಹೆ ಇತ್ಯಾದಿ. ಇನ್ನೊಂದು ಪಾಲಿಗೆ ಆಪರೇಶನ್ ಬಿಟ್ಟು ಉಳಿದಿದ್ದೆಲ್ಲ. ವರ್ಷದ ಮೇಲೆ ನೋಡಿದರೆ ನೋವು ಹೆಚ್ಚು ಇಳಿದದ್ದು ಆಪರೇಶನ್ ಆದವರಿಗೇ. ನಿಮ್ಮ ದೊಡ್ಡಪ್ಪನವರ ಅನುಭವ ಸುಳ್ಳಲ್ಲ. ಆದರೆ ಗಂಭೀರ ತೊಂದರೆಗಳೂ ಆ ಪಾಲಿನಲ್ಲೇ ಹೆಚ್ಚು. ಬರೀ ವ್ಯಾಯಾಮದ ಪಾಲಿನವರೂ ಸುಧಾರಿಸಿದ್ದರು, ಅವರ 50 ಜನರಲ್ಲಿ ಆ ವರ್ಷ ಆಪರೇಶನ್ ಬೇಕು ಅಂದವರು 13 ಜನ ಮಾತ್ರ. ಉಳಿದವರಿಗೆ ಆ ವರ್ಷವಂತೂ ಅದು ಬೇಕಾಗಲಿಲ್ಲ.

ಈ ವ್ಯಾಯಾಮದ ಪಾಠ ಇಲ್ಲಿ 2013ರಿಂದ ನಡೆಯುತ್ತಿದೆ, ಹೆಸರು ಗ್ಲಾಡ್. ಮೊದಲು ಎರಡು ತರಗತಿ ಕೂರಿಸಿ ಮಂಡಿಯ ಬಗ್ಗೆ ಹೇಳ್ತಾರೆ, ಆಮೇಲೆ ವಾರಕ್ಕೆ ಎರಡರಂತೆ 12 ತರಗತಿ ಮಾಡಿಸ್ತಾರೆ. ನನ್ನ ಪಕ್ಕದ ಮನೆಯ ಅಜ್ಜಿಗೆ 74, ಹೋಗಿ ಬಂದರು. ನೋವಿನ ಬಗ್ಗೆ ಅವರು ಹೇಳಿದ ನಿಯಮ ನನಗೆ ಬಹಳ ಹಿಡಿಸಿತು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಮಾಡುವಾಗ ಐದರೊಳಗಿದ್ದರೆ ಚಿಂತೆಯಿಲ್ಲ. 24 ಗಂಟೆಯೊಳಗೆ ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸಲ ಸ್ವಲ್ಪ ಕಡಿಮೆ ಮಾಡಿ, ಬಿಡಬೇಡಿ. "ನೋಯುತ್ತೆ, ಅಂದರೆ ಹಾಳಾಗ್ತಿದೆ" ಅನ್ನುವ ಭಯ ಹೋಗೋದಕ್ಕೇ ಅಜ್ಜಿಗೆ ಮೂರು ವಾರ ಬೇಕಾಯಿತಂತೆ.

ಇನ್ನೊಂದು ಹಳೆಯ ಪ್ರಯೋಗ ಸಂದೇಹಿಗಳಿಗೆ ಇಷ್ಟವಾಗಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲೆ ಎಂಬ ಸರ್ಜನ್, ಸವೆದ ಮಂಡಿಯ 180 ಜನರನ್ನು ತೆಗೆದುಕೊಂಡು ಕೆಲವರಿಗೆ ದುರ್ಬೀನು ಹಾಕಿ ಒಳಗೆ ತೊಳೆದರು, ಕೆಲವರಿಗೆ ಕೆರೆದು ಸ್ವಚ್ಛ ಮಾಡಿದರು, ಕೆಲವರಿಗೆ ಚರ್ಮದ ಮೇಲೆ ಮಾತ್ರ ಗೀರಿ ಹೊಲಿಗೆ ಹಾಕಿ ಕಳಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷ ನೋಡಿದರೂ ಸುಳ್ಳು ಆಪರೇಶನ್‌ಗಿಂತ ನಿಜದ್ದು ಮೇಲೆ ಅಂತ ಕಾಣಲಿಲ್ಲ.

ಎರಡನೇ ಅಭಿಪ್ರಾಯ

ಸರಿ, ಇದು ಮಾತು. 13 ಜನರ ಲೆಕ್ಕ ನನಗೆ ಗೊತ್ತಿರಲಿಲ್ಲ.

ಹಳೇ ಕಂಡಕ್ಟರ್, ಬೆಂಗಳೂರು

ನಾನು ಡಾಕ್ಟ್ರೂ ಅಲ್ಲ, ಫಿಸಿಯೋನೂ ಅಲ್ಲ. ಬೆಂಗಳೂರಿನ ಸಿಟಿ ಬಸ್ಸು, ಆಗಿನ ಬಿಟಿಎಸ್‌ನಲ್ಲಿ ಚೀಲ ಹೊತ್ತವನು. ಡಬಲ್ ಡೆಕ್ಕರ್ ಇದ್ದ ಕಾಲದಲ್ಲಿ ಎರಡು ವರ್ಷ ಮೇಲೆ ಕೆಳಗೆ ಓಡಾಡಿದ್ದೀನಿ. ರಿಟೈರ್ ಆದ ಮೇಲೆ ಮೊಮ್ಮಗಳು ಒಂದು ವಿಷಯ ಓದಿ ಹೇಳಿದಳು, ಅವತ್ತಿಂದ ನಮ್ಮ ಪೆನ್ಷನ್ ಕಟ್ಟೆಯಲ್ಲಿ ನಾನೇ ಪ್ರೊಫೆಸರ್ರು.

ಜೆರ್ರಿ ಮಾರಿಸ್ ಅಂತ ಲಂಡನ್ನಿನ ಡಾಕ್ಟರ್. ಹಾರ್ಟ್ ಅಟ್ಯಾಕ್ ಯಾಕೆ ಹೆಚ್ಚಾಗ್ತಿದೆ ಅಂತ ಯಾರಿಗೂ ಗೊತ್ತಿಲ್ಲದ ಕಾಲ. ಈತ ಸುಮಾರು 31 ಸಾವಿರ ಬಸ್ಸು, ಟ್ರಾಮ್ ನೌಕರರ ಲೆಕ್ಕ ತೆಗೆಸಿದರು. ಡ್ರೈವರ್, ಕಂಡಕ್ಟರ್ ಒಂದೇ ಡಿಪೋ, ಒಂದೇ ಥರದ ಜನ. ಡ್ರೈವರ್ ದಿನವೆಲ್ಲ ಕೂತಿರ್ತಾನೆ, ಕಂಡಕ್ಟರ್ ಡಬಲ್ ಡೆಕ್ಕರ್‌ನಲ್ಲಿ ಒಂದು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ನೋಡಿದ್ರೆ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ಲೇಟಾಗಿ, ಅಷ್ಟು ಜೋರಾಗಿರ್ತಿರಲಿಲ್ಲ. 1953ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚಿಲ್ಲರೆ ಇಲ್ಲ ಅಂದಿದ್ದಕ್ಕೆ ಬೈಸಿಕೊಂಡ ಜೀವನಕ್ಕೆ ಲಂಡನ್ನಿಂದ ಒಂದು ಸರ್ಟಿಫಿಕೇಟ್ ಬಂದ ಹಾಗಾಯ್ತು ಸ್ವಾಮಿ!

ಎರಡನೇ ಅಭಿಪ್ರಾಯ

ಯಜಮಾನ್ರೇ, ಒಂದು ಅನುಮಾನ. ಮೊದಲೇ ದಪ್ಪಗಿದ್ದವರು, ದಮ್ಮು ಇಲ್ಲದವರು ಕೂತು ಮಾಡುವ ಡ್ರೈವರ್ ಕೆಲಸ ಹುಡುಕಿಕೊಂಡು ಹೋಗಿರಬಹುದಲ್ಲ? ಆಗ ಮೆಟ್ಟಿಲಿಗೆ ಯಾಕೆ ಹೆಸರು?

ಹಳೇ ಕಂಡಕ್ಟರ್, ಬೆಂಗಳೂರು

ಮೊಮ್ಮಗಳನ್ನ ಕೇಳಿದೆ. ಮಾರಿಸ್‌ಗೂ ಅದೇ ಅನುಮಾನ ಬಂದಿತ್ತಂತೆ. ಯೂನಿಫಾರ್ಮ್ ಹೊಲಿಸೋ ಲೆಕ್ಕದ ಪುಸ್ತಕ ತರಿಸಿ ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಡ್ರೈವರ್‌ಗಳದ್ದು ಶುರುವಿನಿಂದಲೇ ದೊಡ್ಡ ಸೈಜು! ಅದನ್ನ ಮುಚ್ಚಿಡದೆ 1956ರಲ್ಲಿ ಅವರೇ ಬರೆದರು. ಬಸ್ಸಿನ ಲೆಕ್ಕ ಒಂದನ್ನೇ ನಂಬಿ ಕೂರಬಾರದು ಅಂತ ಪೋಸ್ಟ್‌ಮ್ಯಾನ್‌ಗಳನ್ನ ಆಫೀಸಿನ ಗುಮಾಸ್ತರ ಜೊತೆ ಹೋಲಿಸಿದರು, ಅಲ್ಲೂ ಓಡಾಡುವವನೇ ಗೆದ್ದ. ಮಾರಿಸ್ 99 ವರ್ಷ ಬದುಕಿ 2009ರಲ್ಲಿ ಹೋದರು. ಟೈಲರ್ ಪುಸ್ತಕ ನೋಡಿ ವಿಜ್ಞಾನ ಮಾಡಿದ ಮನುಷ್ಯ, ನನಗಂತೂ ಅದೇ ಖುಷಿ.

ತಂಗಿ, ನಿಮ್ಮ ತಾಯಿಗೆ ಹೇಳಿ, ಈ ಕಂಡಕ್ಟರ್ ಮಂಡಿಯೂ 70ಕ್ಕೆ ಕಟಕಟ ಅನ್ನುತ್ತೆ, ನಡೀತಾನೇ ಇದ್ದೀನಿ.

ಗರಡಿ ಹುಡುಗ, ದಾವಣಗೆರೆ

ನಮ್ಮ ಉಸ್ತಾದ್‌ಗೆ 68. ಇವತ್ತಿಗೂ 200 ಬಸ್ಕಿ ಹೊಡೀತಾರೆ. ಮಂಡಿ ಸವೆಯೋದು ಕೂತು ಟಿವಿ ನೋಡೋರಿಗೆ. ಅಮ್ಮನಿಗೆ ದಿನಾ 50 ಬಸ್ಕಿ ಹೊಡೆಸಿ, ತಿಂಗಳಲ್ಲಿ ಗುಣ.

ಹುಬ್ಬಳ್ಳಿ ಫಿಸಿಯೋ

ತಮ್ಮಾ, ನಿಮ್ಮ ಉಸ್ತಾದರು 50 ವರ್ಷದಿಂದ ಹೊಡಕೋತ ಬಂದಾರ. ಅಕ್ಕಾರ ಅವ್ವಾರು ಒಂದೊಂದ ಬಿಟ್ಕೋತ ಬಂದಾರ. ಬಸ್ಕಿ ಅನ್ನೋದು ಸರೀನ ಐತಿ, 50 ಅನ್ನೋದು ತಪ್ಪು. ಶುಗರ್ ಮಾತ್ರೆ ಅರ್ಧದಿಂದ ಶುರು ಮಾಡ್ತಾರಲ್ರಿ, ಹಂಗ.

ಅಕ್ಕಾರ, ಇಲ್ಲಿ ಕುಂತು ನಿಮ್ಮ ಅವ್ವಾರ ಕಾಲು ನೋಡಲಾರದ ಬರೀತಿದೀನಿ, ಅದನ್ನ ನೆನಪಿಡ್ರಿ. ಊರಾಗ ಯಾರಾದ್ರೂ ಫಿಸಿಯೋ ಒಮ್ಮೆ ಕೈಲೆ ಮುಟ್ಟಿ ನೋಡ್ಲಿ. ನಾನಾಗಿದ್ರ ಹಿಂಗ ಶುರು ಮಾಡ್ತಿದ್ದೆ. ಗ್ವಾಡಿಗೆ ಒತ್ತಿ ಒಂದು ಗಟ್ಟಿ ಕುರ್ಚಿ ಇಡ್ರಿ, ಮ್ಯಾಲೆ ಒಂದು ತಲೆದಿಂಬು. ಕೈ ಎದಿ ಮ್ಯಾಲೆ ಕಟ್ಟಿ ಎದ್ದು ನಿಂದ್ರೋದು, ನಿಧಾನಕ ಕೂಡ್ರೋದು. ಕೂಡ್ರುವಾಗ ಧೊಪ್ಪಂತ ಬೀಳಬಾರದು, ಮೂರು ಎಣಿಸ್ಕೋತ ಇಳೀಬೇಕು. ಎಂಟು ಸಲ, ಎರಡು ನಿಮಿಷ ಸುಧಾರಿಸ್ಕೊಂಡು ಮತ್ತ ಎಂಟು, ಮತ್ತ ಎಂಟು. ಆಮ್ಯಾಲೆ ಕಟ್ಟೆ ಹಿಡ್ಕೊಂಡು ಹಿಮ್ಮಡ ಎತ್ತೋದು. ಬಾಗಲ ಮುಂದಿನ ಒಂದ ಮೆಟ್ಟಿಲ ಹತ್ತೋದು, ಇಳಿಯೋದು. ವಾರಕ್ಕ ಮೂರು ದಿನ, ನಡುವ ಒಂದೊಂದು ದಿನ ಬಿಟ್ಟು. ಎಂಟು ಹಗುರ ಆತು ಅಂದ್ರ ಹತ್ತು, ಹತ್ತು ಹಗುರ ಆದ್ರ ದಿಂಬು ತಗೀರಿ, ದಿಂಬು ಇಲ್ಲದ ಹಗುರ ಆದ್ರ ಕೈಯಾಗ ಎರಡು ಕಿಲೋ ರಾಗಿ ಚೀಲ. ಏರಿಸೋದು ಬಿಟ್ರ ಔಷಧ ಅಲ್ಲೇ ನಿಂತಂಗ. ನೋವಿನ ಲೆಕ್ಕ ಡೆನ್ಮಾರ್ಕಿನ ಅಕ್ಕಾರು ಬರದಾರ, ನಮ್ಮ ಊರಾಗ ನಾವು ಹೇಳೋದೂ ಅದನ್ನ.

ನಡಿಗಿ ಬ್ಯಾರೆ ಔಷಧ, ಅದು ಶುಗರಿಗೆ ಮತ್ತ ಎದಿಗೆ. ಎರಡನ್ನೂ ಒಂದ ಅಂತ ತಿಳೀಬ್ಯಾಡ್ರಿ. ಬರೀ ನಡದ್ರ ತೊಡಿಗೆ ಸಾಕಷ್ಟು ಭಾರ ಬೀಳಂಗಿಲ್ಲ.

ಯಾವಾಗ ಬಿಟ್ಟು ಡಾಕ್ಟರ ಕಡೆ ಓಡಬೇಕು ಅಂದ್ರ: ಮಂಡಿ ಕೆಂಪಗ ಬಿಸಿಯಾಗಿ ಜ್ವರ ಬಂದ್ರ, ಮಂಡಿ ಮಡಚಲಾರದ ಚಾಚಲಾರದ ಸಿಕ್ಕೊಂಡ್ರ, ಒಂದ ಕಾಲಿನ ಮೀನಖಂಡ ಬಾತು ನೋಯಾಕ ಹತ್ತಿದ್ರ, ನಡೆಯುವಾಗ ಎದಿ ಬಿಗಿದ್ರ.

ತುಂಗೆಯ ಮಗಳು, ಶಿವಮೊಗ್ಗ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ ಅಣ್ಣ. ದಿಂಬು ಇಟ್ಟ ಕುರ್ಚಿಯಿಂದ ಇವತ್ತು 30 ಸೆಕೆಂಡಿನಲ್ಲಿ ಎಷ್ಟು ಸಲ ಏಳ್ತಾಳೆ ಅಂತ ಎಣಿಸಿದೆ. ಏಳು. ಎಂಟನೆಯದಕ್ಕೆ "ನಿನ್ನ ಮೊಬೈಲ್ ಒಲೆಗೆ ಹಾಕು" ಅಂದಳು.

ಹುಬ್ಬಳ್ಳಿ ಫಿಸಿಯೋ

ಬರದು ಇಟ್ಕೊಳ್ರಿ. 60ರಿಂದ 64 ವಯಸ್ಸಿನ ಹೆಣ್ಣುಮಕ್ಕಳಿಗೆ 12ರಿಂದ 17 ಅಂದ್ರ ಸಾಧಾರಣ ಅಂತ ಲೆಕ್ಕ, ಅದು ದಿಂಬಿಲ್ಲದ ಕುರ್ಚಿಗೆ. 12 ವಾರ ಬಿಟ್ಟು ಮತ್ತ ಎಣಿಸೋಣ.

ತಾಲ್ಲೂಕು ಆಸ್ಪತ್ರೆ ಡ್ಯೂಟಿ

ನಾಲ್ಕು ನಿಮಿಷದ ಡಾಕ್ಟರ್‌ಗಳ ಪರವಾಗಿ ಎರಡು ಮಾತು. ನನ್ನ ಹೊರರೋಗಿ ಸಾಲಿನಲ್ಲಿ ಬೆಳಿಗ್ಗೆ 80 ಚೀಟಿ ಇರುತ್ತೆ. ಕುರ್ಚಿ, ದಿಂಬು, ಮೂರು ಎಣಿಕೆ ಅಂತ ಹೇಳಿಕೊಡಲು ಕೂತರೆ ಹದಿನೈದನೆಯವರು ಬಾಗಿಲು ಬಡೀತಾರೆ. ಮತ್ತೆ, ನಿಜ ಹೇಳ್ತೀನಿ, ಎಂಬಿಬಿಎಸ್‌ನಲ್ಲಿ ನನಗೆ ಯಾರೂ ವ್ಯಾಯಾಮದ ಡೋಸ್ ಕಲಿಸಲಿಲ್ಲ. ಮಾತ್ರೆ ಬರೆಯುವಾಗ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಅಂತ ಕೈ ತಾನಾಗಿ ಓಡುತ್ತೆ. ವ್ಯಾಯಾಮ ಅಂದಾಗ "ಮಾಡಿ" ಅಂತ ನಿಲ್ಲುತ್ತೆ. ಈ ಚರ್ಚೆ ಓದಿದ ಮೇಲೆ ಒಂದು ಹಾಳೆ ಅಚ್ಚು ಹಾಕಿಸಬೇಕು ಅಂತಿದ್ದೀನಿ.

ಶುಗರ್ ವಿಷಯ ನನ್ನದು, ಹೇಳ್ತೀನಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ನ ಅಪ್ಪಣೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತೆ. ಜೀವಕೋಶದೊಳಗೆ ಗ್ಲೂಟ್ 4 ಅನ್ನುವ ಸಾಗಣೆಯ ಪ್ರೋಟೀನ್ ಇದೆ, ಸ್ನಾಯು ಬಿಗಿದಾಗ ಅದು ಅಂಚಿಗೆ ಬಂದು ಬಾಗಿಲು ತೆರೆಯುತ್ತೆ. ಇನ್ಸುಲಿನ್ ಮಾತು ಕೇಳದ ದೇಹದಲ್ಲೂ ಈ ಹಿಂಬಾಗಿಲು ತೆರೆದಿರುತ್ತೆ. ಅದಕ್ಕೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿ ಅನ್ನೋದು. ಮಂಡಿ ನೋವಿನವರು ಬೆಳಿಗ್ಗೆ ಒಂದೇ ಸಲ ಮುಕ್ಕಾಲು ಗಂಟೆ ನಡೆಯುವ ಬದಲು ಮೂರು ಊಟದ ಹಿಂದೆ ಹಂಚಿಕೊಳ್ಳಲಿ. ಮನೆಯ ಹಜಾರವೇ ಸಾಕು.

ಎಚ್ಚರಿಕೆ ಎರಡು. ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ವ್ಯಾಯಾಮ ಶುರು ಮಾಡುವ ಮೊದಲು ಡಾಕ್ಟರಿಗೆ ತಿಳಿಸಿ, ಸಕ್ಕರೆ ತೀರಾ ಇಳಿಯಬಹುದು. ಸೆರಗಿನ ತುದಿಗೆ ಒಂದು ಬೆಲ್ಲದ ಚೂರು ಕಟ್ಟಿಕೊಳ್ಳಲಿ. ಇನ್ನು ಪಾದ ಜೋಮು ಹಿಡಿಯುತ್ತಿದ್ದರೆ ಬರಿಗಾಲು ಬೇಡ, ರಾತ್ರಿ ಅಂಗಾಲು ನೋಡಿಕೊಳ್ಳಲಿ.

ಎರಡನೇ ಅಭಿಪ್ರಾಯ

ಡಾಕ್ಟ್ರೇ, ಇದು ಬಿಳಿಯರ ಮೇಲೆ ಮಾಡಿದ ಪ್ರಯೋಗವೋ, ನಮ್ಮವರ ಮೇಲೋ? ನಾವು ಅನ್ನ ತಿನ್ನುವವರು.

ತಾಲ್ಲೂಕು ಆಸ್ಪತ್ರೆ ಡ್ಯೂಟಿ

ಒಳ್ಳೆ ಪ್ರಶ್ನೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಇನ್ನೂ ಸಕ್ಕರೆ ಕಾಯಿಲೆ ಬರದ, ಆದರೆ ಅಂಚಿನಲ್ಲಿದ್ದ 531 ಜನರನ್ನು ತೆಗೆದುಕೊಂಡಿತ್ತು. 2006ರಲ್ಲಿ ಫಲಿತಾಂಶ ಬಂತು. ಏನೂ ಮಾಡದ ಗುಂಪಿನಲ್ಲಿ ಮೂರು ವರ್ಷದಲ್ಲಿ 55 ಶೇಕಡಾ ಜನಕ್ಕೆ ಕಾಯಿಲೆ ಬಂತು. ನಡಿಗೆ ಮತ್ತು ಆಹಾರ ಬದಲಿಸಿದ ಗುಂಪಿನಲ್ಲಿ 39.3, ಮೆಟ್‌ಫಾರ್ಮಿನ್ ಮಾತ್ರೆಯ ಗುಂಪಿನಲ್ಲಿ 40.5. ಎರಡೂ ಕೊಟ್ಟವರಲ್ಲಿ 39.5, ಅಂದರೆ ಜೊತೆ ಸೇರಿಸಿದ್ದಕ್ಕೆ ಹೆಚ್ಚುವರಿ ಲಾಭವೇನೂ ಸಿಗಲಿಲ್ಲ. ಅನ್ನ, ಇಡ್ಲಿ ತಿನ್ನುವವರೇ. ಅಮೆರಿಕದ 2002ರ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ, ತೂಕ ಇಳಿಕೆ ಸೇರಿ ಅಪಾಯ 58 ಶೇಕಡಾ ಇಳಿದಿತ್ತು, ನಮ್ಮಲ್ಲಿ ಅಷ್ಟಿಲ್ಲ, 28ರ ಆಸುಪಾಸು. ಆದರೂ ಮಾತ್ರೆಗೆ ಸಮ. ಇದು ಕಾಯಿಲೆ ಬರುವ ಮೊದಲಿನ ಲೆಕ್ಕ ಅನ್ನೋದು ಗಮನದಲ್ಲಿರಲಿ. ಈಗಾಗಲೇ ಶುಗರ್ ಇರುವ ತುಂಗೆಯ ಮಗಳ ತಾಯಿ ಇದನ್ನು ಓದಿ ಮಾತ್ರೆ ಬಿಡಬಾರದು.

ಓಟದ ಹುಚ್ಚ

ಮಂಡಿ ಬಿಟ್ಟು ಹಿಮ್ಮಡಿಗೆ ಬರ್ತೀನಿ, ಕ್ಷಮೆ ಇರಲಿ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ತಯಾರಿ ಮಾಡ್ತಾ ಹಿಮ್ಮಡಿಯ ಮೇಲಿನ ಅಕಿಲಿಸ್ ನರ ನೋವು ಹತ್ತಿತು. ನರ ಅಲ್ಲ, ಸ್ನಾಯುರಜ್ಜು ಅಂತ ಫಿಸಿಯೋ ಅಣ್ಣ ತಿದ್ದುವ ಮೊದಲೇ ಹೇಳಿಬಿಡ್ತೀನಿ. ಮೂರು ತಿಂಗಳು ವಿಶ್ರಾಂತಿ, ಐಸ್, ಬಾಮ್. ವಾಪಸ್ ಓಡಿದ ಎರಡನೇ ದಿನಕ್ಕೇ ಅದೇ ನೋವು.

ಆಮೇಲೆ ಗೊತ್ತಾಯಿತು ಹಾಕನ್ ಆಲ್ಫ್ರೆಡ್‌ಸನ್ ಕತೆ. ಸ್ವೀಡನ್ನಿನ ಮೂಳೆ ಸರ್ಜನ್, ತಾನೂ ಓಡುತ್ತಿದ್ದವನು, ತನಗೂ ಇದೇ ನೋವು. ಆಪರೇಶನ್ ಮಾಡಿ ಅಂತ ತನ್ನ ಮೇಲಧಿಕಾರಿಯನ್ನೇ ಕೇಳಿದ. ಆಗಲ್ಲ ಅಂದರು. ಹರಿದೇ ಹೋದರೆ ಮಾಡಲೇಬೇಕಲ್ಲ ಅಂತ ಸಿಟ್ಟಿನಲ್ಲಿ ಮೆಟ್ಟಿಲಂಚಿಗೆ ನಿಂತು ಹಿಮ್ಮಡಿ ಇಳಿಸೋದು ಶುರು ಮಾಡಿದ, ಭಾರ ಏರಿಸುತ್ತಾ ಹೋದ. ಹರಿಯೋ ಬದಲು ವಾಸಿಯಾಯಿತು! 1998ರಲ್ಲಿ 15 ಜನ ಓಟಗಾರರ ಮೇಲೆ ಮಾಡಿದ್ದನ್ನು ಪ್ರಕಟಿಸಿದ. ಮಂಡಿ ನೇರ ಇಟ್ಟು 15 ಸಲದ ಮೂರು ಸುತ್ತು, ಮಂಡಿ ಬಗ್ಗಿಸಿ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಗುಣಿಸಿ ನೋಡಿ, ದಿನಕ್ಕೆ 180. ನಾನು ಮಾಡಿದೆ, ಮೊದಲ ಮೂರು ವಾರ ನೋವು ಹೆಚ್ಚೇ ಆಯಿತು, ಏಳನೇ ವಾರದಿಂದ ಇಳಿಯಿತು. ಈಗ ಭಾರ ಹಿಡಿದು ನಿಧಾನವಾಗಿ ವಾರಕ್ಕೆ ಮೂರೇ ದಿನ ಮಾಡಿದರೂ ಫಲ ಅಷ್ಟೇ ಅಂತಾರೆ. ಮೊದಲೇ ಹೇಳಬಾರದಿತ್ತಾ!

ಐಸ್ ಬಗ್ಗೆ ಇನ್ನೊಂದು. ವಿಶ್ರಾಂತಿ, ಐಸ್, ಪಟ್ಟಿ, ಕಾಲು ಎತ್ತಿಡೋದು ಅನ್ನುವ ಸೂತ್ರಕ್ಕೆ ಇಂಗ್ಲಿಷ್ ಮೊದಲಕ್ಷರ ಸೇರಿಸಿ 'ರೈಸ್' ಅಂತ 1978ರಲ್ಲಿ ಹೆಸರಿಟ್ಟ ಗೇಬ್ ಮಿರ್ಕಿನ್ ಅನ್ನೋ ಡಾಕ್ಟರ್, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಅಂತ 2014ರಲ್ಲಿ ತಾನೇ ಹಿಂದೆ ಸರಿದ. ನಮ್ಮ ಶಾಲೆಗಳ ಪಿಟಿ ಮಾಸ್ತರರಿಗೆ ಸುದ್ದಿ ಇನ್ನೂ ತಲುಪಿಲ್ಲ.

ಸ್ಟೆಂಟ್ ಮೈಸೂರು

ನನಗೆ 52. ಹೋದ ವರ್ಷ ಒಂದು ಸ್ಟೆಂಟ್ ಆಯ್ತು. ಮನೆಗೆ ಬಂದ ದಿನದಿಂದ ಹೆಂಡತಿ ನೀರಿನ ಬಕೆಟ್ ಮುಟ್ಟೋಕೆ ಬಿಡಲ್ಲ. ಅವಳ ತಪ್ಪಲ್ಲ. 2021ರ ಅಕ್ಟೋಬರ್ 29 ನಮ್ಮೆಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಪ್ಪು 46ಕ್ಕೆ ಹೋದರು, ಅಷ್ಟು ಕಸರತ್ತು ಮಾಡುತ್ತಿದ್ದವರು. ಮಾರನೇ ವಾರ ಜಯದೇವ ಆಸ್ಪತ್ರೆ ಮುಂದೆ ಸಾಲು, ನಮ್ಮ ಬೀದಿಯ ಜಿಮ್ ಖಾಲಿ. ಆ ಭಯದಲ್ಲಿ ನಾನೂ ಸೈಕಲ್ ತುಳಿಯೋದು ಬಿಟ್ಟೆ. ಮೂರು ವರ್ಷ ಕೂತು ಸ್ಟೆಂಟ್ ಹಾಕಿಸಿಕೊಂಡೆ ಅಂತ ಈಗ ನಗಬಹುದು.

ಆಸ್ಪತ್ರೆಯಲ್ಲಿ ರಿಹ್ಯಾಬ್ ಅಂತ ಎಂಟು ವಾರ ಕರೆದರು. ಎದೆಗೆ ವೈರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅಲ್ಲಿದ್ದ ಹುಡುಗಿ ಹೇಳಿದ ಇತಿಹಾಸ ಕೇಳಿ: ಒಂದು ಕಾಲದಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನ ಆರು ವಾರ ಅಲುಗಾಡದ ಹಾಗೆ ಮಲಗಿಸುತ್ತಿದ್ದರಂತೆ. 1952ರಲ್ಲಿ ಬಾಸ್ಟನ್‌ನ ಲೆವಿನ್, ಲೌನ್ ಅನ್ನುವ ಇಬ್ಬರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಕ್ರಾಂತಿ. ಅದಕ್ಕೂ ಹಿಂದೆ 1772ರಲ್ಲಿ ಹೆಬರ್ಡನ್ ಅನ್ನೋ ಇಂಗ್ಲಿಷ್ ವೈದ್ಯ, ದಿನಾ ಅರ್ಧ ಗಂಟೆ ಮರ ಕೊಯ್ದು ಎದೆನೋವು ಹೆಚ್ಚುಕಡಿಮೆ ವಾಸಿ ಮಾಡಿಕೊಂಡ ಒಬ್ಬನ ಬಗ್ಗೆ ಬರೆದಿದ್ದನಂತೆ. ಗೊತ್ತಿದ್ದ ವಿಷಯವನ್ನೇ ಮರೆತು ಎಷ್ಟೋ ವರ್ಷ ಜನರನ್ನ ಮಲಗಿಸಿದ್ದಾರೆ.

1966ರಲ್ಲಿ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಮಲಗಿಸಿ ನೋಡಿದರು. 30 ವರ್ಷ ಬಿಟ್ಟು ಅದೇ ಐವರನ್ನು ಕರೆಸಿ ಅಳೆದರೆ, 30 ವರ್ಷದ ಮುಪ್ಪಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ದಮ್ಮನ್ನು ಹೆಚ್ಚು ಇಳಿಸಿತ್ತು. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅರ್ಧ ಬಕೆಟ್‌ಗೆ ಒಪ್ಪಿಗೆ ಸಿಕ್ಕಿದೆ.

ನನ್ನಂಥವರಿಗೆ ಒಂದು ಸೂಚನೆ. ಎದೆಬಡಿತ ಇಳಿಸುವ ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೆ ನಾಡಿ ಅಷ್ಟಾಗಿ ಏರಲ್ಲ, ಗಡಿಯಾರದ ಅಂಕಿ ನಂಬಬೇಡಿ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅದೇ ಸರಿಯಾದ ವೇಗ. ಎದೆನೋವು ಆದವರು ಡಾಕ್ಟರ್ ಪರೀಕ್ಷೆ ಮಾಡಿ ಬಿಟ್ಟ ಮೇಲೆ ಶುರು ಮಾಡಿ, ನೇರ ಜಿಮ್‌ಗೆ ಹೋಗಿ ಭಾರ ಎತ್ತಬೇಡಿ.

ಕಡಲ ಬದಿ, ಮಂಗಳೂರು

ಎಲ್ಲರೂ ಒಂದೇ ಕಡೆ ವಾಲ್ತಾ ಇದ್ದೀರಿ ಮಾರಾಯ್ರೆ, ನಾನು ಸ್ವಲ್ಪ ಆಚೆ ಕೂರ್ತೇನೆ. ನನಗೆ ಕೋವಿಡ್ ಆದ ಮೇಲೆ ಸುಸ್ತು ಹೋಗಲೇ ಇಲ್ಲ. ಮೆಲ್ಲ ಮೆಲ್ಲ ಜಾಸ್ತಿ ಮಾಡಿ ಅಂತ ಎಲ್ಲರೂ ಹೇಳಿದರು, ಮಾಡಿದೆ. ಒಂದು ದಿನ ಅರ್ಧ ಗಂಟೆ ನಡೆದರೆ ಎರಡು ದಿನ ಬಿಟ್ಟು ಹಾಸಿಗೆ ಹಿಡಿಯುವುದು. ಒಂದು ವಾರ ಏಳಲಿಕ್ಕೆ ಆಗುವುದಿಲ್ಲ. ಮನಸ್ಸು ಗಟ್ಟಿ ಮಾಡಬೇಕು ಅಂತ ಬೈಗುಳ ಬೇರೆ ಉಂಟು.

ದಣಿದ ಮೇಲೆ ಹೀಗೆ ಕುಸಿಯುವ ಒಂದು ಕಾಯಿಲೆ ಉಂಟು, ಎಂಇ ಅಂತಾರೆ. ಅದಕ್ಕೆ ವ್ಯಾಯಾಮವನ್ನು ಹಂತ ಹಂತವಾಗಿ ಏರಿಸುವ ಚಿಕಿತ್ಸೆ ಕೊಡಬಾರದು ಅಂತ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಹಳೇ ಸಲಹೆಯನ್ನೇ ಬದಲಿಸಿತು. ನನಗೆ ಈಗ ಶಕ್ತಿ ಉಳಿಸಿಕೊಂಡು ದಿನ ಹಂಚುವುದೇ ಚಿಕಿತ್ಸೆ. ಔಷಧಿ ಅಂತ ಕರೆದ ಮೇಲೆ ಯಾರಿಗೆ ಕೊಡಬಾರದು ಅನ್ನುವುದನ್ನೂ ಬರೆಯಬೇಕಲ್ವಾ?

ಹುಬ್ಬಳ್ಳಿ ಫಿಸಿಯೋ

ಒಪ್ಪಿದೆ ಅಕ್ಕಾರ. 24 ತಾಸಿನ್ಯಾಗ ಇಳೀಬೇಕು ಅನ್ನೋ ಲೆಕ್ಕ ಮಂಡಿ ನೋವಿಂದು. ನಿಮಗ ಆಗೋದು ಎರಡನೇ ದಿನ, ಮೂರನೇ ದಿನ ಕುಸಿತ, ಅದು ಬ್ಯಾರೆ ಜಾತಿ. ನಮ್ಮ ಮಂದಿನೂ ಬಾಳ ಜನರಿಗೆ ಇದನ್ನ ಗುರುತಿಸಲಾರದ ತ್ರಾಸ ಕೊಟ್ಟಾರ. ಸುಳ್ಳು ಹೇಳಂಗಿಲ್ಲ, ನಾನೂ ಒಬ್ಬರಿಗೆ ಕೊಟ್ಟೀನಿ.

ಡೆನ್ಮಾರ್ಕಿನಿಂದ ಧಾರವಾಡದಾಕಿ

ಕಾಯಿಲೆಗಳ ಪಟ್ಟಿಗೆ ಇನ್ನೊಂದು ಸೇರಿಸ್ತೀನಿ. 2025ರಲ್ಲಿ ಬಂದ ಫಲಿತಾಂಶ, ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನಡೆದದ್ದು. ದೊಡ್ಡಕರುಳಿನ ಕ್ಯಾನ್ಸರಿಗೆ ಆಪರೇಶನ್, ಕೀಮೋ ಮುಗಿಸಿದ 889 ಜನ. ಅರ್ಧ ಜನಕ್ಕೆ ವ್ಯಾಯಾಮ ಮಾಡಿ ಅಂತ ಪುಸ್ತಕ ಕೊಟ್ಟರು. ಉಳಿದರ್ಧಕ್ಕೆ ಮೂರು ವರ್ಷ ಒಬ್ಬೊಬ್ಬ ತರಬೇತುದಾರರನ್ನು ಕೊಟ್ಟರು. ಎಂಟು ವರ್ಷಕ್ಕೆ ಬದುಕಿದ್ದವರು ಪುಸ್ತಕದ ಗುಂಪಿನಲ್ಲಿ 83.2 ಶೇಕಡಾ, ತರಬೇತುದಾರರ ಗುಂಪಿನಲ್ಲಿ 90.3. ಸ್ನಾಯು, ಕೀಲಿನ ಪೆಟ್ಟು ಮಾತ್ರ ವ್ಯಾಯಾಮದವರಲ್ಲಿ ಸ್ವಲ್ಪ ಹೆಚ್ಚು.

ಹೋಲಿಸಿದ್ದು ಯಾವುದರ ಜೊತೆ ನೋಡಿ. "ವಾಕಿಂಗ್ ಮಾಡಿ" ಅಂತ ಬಾಗಿಲಲ್ಲಿ ಹೇಳಿ ಕಳಿಸಿದ ಗುಂಪಿನ ಜೊತೆ!

ತಾಲ್ಲೂಕು ಆಸ್ಪತ್ರೆ ಡ್ಯೂಟಿ

ಇದು ನನಗೆ ನೇರ ತಾಗಿತು. ಹಾಳೆ ಅಚ್ಚಿಗೆ ಕೊಟ್ಟಿದ್ದೀನಿ. ಜೊತೆಗೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಕುರ್ಚಿ, ದಿಂಬು ಕಲಿಸಬಹುದಾ ಅಂತ ನೋಡ್ತಿದ್ದೀನಿ. ಅವರ ತಲೆ ಮೇಲೆ ಈಗಾಗಲೇ ಇರುವ ಕೆಲಸ ನೆನೆದರೆ ಕೇಳೋಕೆ ಬಾಯಿ ಬರಲ್ಲ.

ತುಂಗೆಯ ಮಗಳು, ಶಿವಮೊಗ್ಗ

ಹದಿಮೂರು ವಾರ ಆಯಿತು, ವರದಿ ಒಪ್ಪಿಸ್ತೀನಿ.

ಇಲ್ಲೇ ಒಬ್ಬ ಫಿಸಿಯೋ ಮೇಡಂ ಸಿಕ್ಕಿದರು, ಎರಡು ವಾರಕ್ಕೊಮ್ಮೆ ನೋಡ್ತಾರೆ, ಉಳಿದದ್ದು ಮನೆಯಲ್ಲೇ. ಮೊದಲ ಮೂರು ವಾರ ಅಮ್ಮ ಅತ್ತೆಗೆ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿದಳು. ನಾಲ್ಕನೇ ವಾರ ಮದುವೆಮನೆಗೆ ಹೋಗಿ ಒಂದು ವಾರ ಪೂರ್ತಿ ತಪ್ಪಿತು, ವಾಪಸ್ ಎಂಟಕ್ಕೆ ಇಳಿದೆವು. ಏಳನೇ ವಾರ ದಿಂಬು ತೆಗೆದೆವು. ಈಗ ಕೈಯಲ್ಲಿ ಎರಡು ಕಿಲೋ ಚೀಲ. ರಾಗಿ ಅಲ್ಲ, ಅಕ್ಕಿ.

ನೋವು ಹೋಗಿಲ್ಲ. ಆರು, ಏಳು ಅಂತಿದ್ದವಳು ಮೂರು ಅಂತಾಳೆ, ಮಳೆ ಬಂದ ದಿನ ನಾಲ್ಕು. ನೋವಿನ ಮಾತ್ರೆ ವಾರಕ್ಕೆ ಒಂದೋ ಎರಡೋ. ತೂಕ ಇಳಿದದ್ದು ಬರೀ ಒಂದೂವರೆ ಕಿಲೋ, ಹೋಳಿಗೆಯ ತಿಂಗಳು ನಡುವೆ ಬಂತು. ಶುಗರ್ ಡಾಕ್ಟರು ಮೂರು ತಿಂಗಳ ಸರಾಸರಿ ನೋಡಿ ಮಾತ್ರೆ ಹಾಗೇ ಇರಲಿ, ಹೆಚ್ಚಿಸೋದು ಬೇಡ ಅಂದರು. ಹೆಚ್ಚಿಸುವ ಮಾತು ಹೋದ ಸಲ ಬಂದಿತ್ತು.

30 ಸೆಕೆಂಡಿಗೆ ಹನ್ನೊಂದು, ದಿಂಬಿಲ್ಲದೆ. ಹುಬ್ಬಳ್ಳಿ ಅಣ್ಣನ ಹನ್ನೆರಡಕ್ಕೆ ಒಂದು ಕಡಿಮೆ.

ಹಳೇ ಕಂಡಕ್ಟರ್, ಬೆಂಗಳೂರು

ಒಂದು ರೂಪಾಯಿ ಚಿಲ್ಲರೆ ಬಾಕಿ ಅಂತ ಟಿಕೆಟ್ ಹಿಂದೆ ಬರೆದುಕೊಡಿ ತಂಗಿ, ಇಳಿಯುವಾಗ ಈಸ್ಕೊಳ್ಳಲಿ. ರಂಗೋಲಿ ಹಾಕ್ತಾರಾ?

ತುಂಗೆಯ ಮಗಳು, ಶಿವಮೊಗ್ಗ

ನೆಲಕ್ಕೆ ಕೂತು ಇಲ್ಲ. ಶುಕ್ರವಾರ ಬಗ್ಗಿ ನಿಂತು ನಾಲ್ಕೆಳೆ ಎಳೆದಳು, ಸೊಟ್ಟ ಬಂತು ಅಂತ ಒಳಗೆ ಬಂದು ನನಗೆ ಬೈದಳು.